‘ಇಂಜಿನ್ ಕೆಲಸಕ್ಕೆ ಬಂದಿದೆ’: ಗ್ಯಾರೇಜಿನ ಒಂದು ಮಾತಿನ ಅರ್ಥ ಮತ್ತು ವ್ಯಾಪ್ತಿ

ಮಾನ್ಯರೇ,

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಗ್ಯಾರೇಜುಗಳಲ್ಲಿ ಹಳೆಯ ವಾಹನಗಳ ಬಗ್ಗೆ ಕೇಳಿಬರುವ ‘ಇಂಜಿನ್ ಕೆಲಸಕ್ಕೆ ಬಂದಿದೆ’ ಎಂಬ ಮಾತಿನ ಅರ್ಥವನ್ನೂ, ಅದರ ಜೋಡಿಯಾದ ‘ಇಂಜಿನ್ ಕೆಲಸ ಆಗಿದೆ’ ಎಂಬುದರ ವ್ಯಾಪ್ತಿಯನ್ನೂ ಕುರಿತು ಬಲ್ಲವರ ಅಭಿಪ್ರಾಯ ಕೇಳುತ್ತಿದ್ದೇನೆ. ಮೊದಲನೆಯದು ವ್ಯಾಕರಣಕ್ಕೆ ಸೇರಿದ ಕುತೂಹಲ. ಎರಡನೆಯದರಲ್ಲಿ ದುಡ್ಡಿನ ಪ್ರಶ್ನೆಯೂ ಸೇರಿಕೊಂಡಿದೆ.

ಈ ಮಾತು ಎದ್ದಿದ್ದು ನಮ್ಮ ಸಂಬಂಧಿಕರೊಬ್ಬರು ಕೊಳ್ಳಬೇಕೆಂದಿರುವ ಕಾಂಟೆಸ್ಸಾ ಕಾರಿನಿಂದ. ಬ್ರಿಟನ್ನಿನ ವಾಕ್ಸ್‌ಹಾಲ್ ಕಾರಿನ ವಿನ್ಯಾಸವನ್ನು ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್‌ನವರು 1984ರಿಂದ 2002ರವರೆಗೆ ತಯಾರಿಸಿದ ಈ ಕಾರನ್ನು, ಅದರ ಉದ್ದನೆಯ ಬಾನೆಟ್ಟನ್ನೂ ಅಗಲವಾದ ಮೈಯನ್ನೂ ನೋಡಿದ ಹುಡುಗರು ‘ಇಂಡಿಯಾದ ಮಸಲ್ ಕಾರ್’ ಎಂದು ಕರೆಯುತ್ತಾರೆ. ಅಮೆರಿಕದಲ್ಲಿ ಆ ಹೆಸರು ಸಂದದ್ದು 1964ರ ಪಾಂಟಿಯಾಕ್ ಜಿಟಿಓದಂತಹ, ಎಂಟು ಸಿಲಿಂಡರಿನ ಭಾರೀ ಇಂಜಿನ್ ಕೂರಿಸಿದ ಕಾರುಗಳಿಗೆ. ನಮ್ಮ ಕಾಂಟೆಸ್ಸಾಕ್ಕೆ ಮೊದಲು ಕೂರಿಸಿದ್ದು ಅಂಬಾಸಿಡರಿನದೇ ಆದ, ಸುಮಾರು 50 ಅಶ್ವಶಕ್ತಿಯ 1489 ಸಿಸಿ ಇಂಜಿನ್. ಆದ್ದರಿಂದ ಆ ಬಿರುದು ಅದರ ಮೈಕಟ್ಟಿಗೆ ಸಲ್ಲುತ್ತದೆ, ಬಲಕ್ಕಲ್ಲ. ಅದು ಹಾಗಿರಲಿ. ಮಾರುವವರು ಕೊಟ್ಟ ವಿವರದಲ್ಲಿ ‘ಇಂಜಿನ್ ಕೆಲಸ ಆಗಿದೆ, ಗಾಡಿ ಎತ್ತಿ ಓಡಿಸುವುದಷ್ಟೇ’ ಎಂದಿತ್ತು. ಅದೇ ಕಾರನ್ನು ನೋಡಿದ ಶಿವಮೊಗ್ಗದ ಮೇಸ್ತ್ರಿಯೊಬ್ಬರು ‘ಇಂಜಿನ್ ಕೆಲಸಕ್ಕೆ ಬಂದಿದೆ ಸಾರ್’ ಎಂದರು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಮೊದಲಿಗೆ ಅನ್ನಿಸುವುದು ಸಹಜ. ಆದರೆ ಇಬ್ಬರ ಮಾತೂ ನಿಜವಾಗಿತ್ತು ಎಂಬುದೇ ಇಲ್ಲಿನ ಸ್ವಾರಸ್ಯ.

ಮೊದಲು ‘ಕೆಲಸಕ್ಕೆ ಬಂದಿದೆ’ ಎಂಬುದನ್ನು ನೋಡೋಣ. ಗ್ಯಾರೇಜಿನ ಪರಿಚಯವಿಲ್ಲದ ಕನ್ನಡಿಗರು ಇದನ್ನು ‘ಉಪಯೋಗಕ್ಕೆ ಬಂದಿದೆ’ ಎಂದೇ ತಿಳಿಯುತ್ತಾರೆ, ಏಕೆಂದರೆ ‘ಕೆಲಸಕ್ಕೆ ಬಾರದ ವಸ್ತು’, ‘ಕೆಲಸಕ್ಕೆ ಬಾರದವನು’ ಎಂಬ ನಿಷೇಧ ರೂಪಗಳು ನಮ್ಮಲ್ಲಿ ಗಟ್ಟಿಯಾಗಿ ನೆಲೆಯೂರಿವೆ. ಗ್ಯಾರೇಜಿನಲ್ಲಿ ಮಾತ್ರ ಅದರ ಅರ್ಥ ಸರಿಯಾಗಿ ತಿರುಗುಮುರುಗು: ಕೆಲಸಕ್ಕೆ ಬಂದ ಇಂಜಿನ್ ಎಂದರೆ ರಿಪೇರಿ ಮಾಡಿಸದೆ ಇನ್ನು ಮುಂದೆ ನೆಚ್ಚುವಂತಿಲ್ಲದ ಇಂಜಿನ್. ನನ್ನ ಊಹೆಯಲ್ಲಿ ಈ ಪ್ರಯೋಗಕ್ಕೂ ‘ಕೆಲಸಕ್ಕೆ ಬಾರದ’ ಎಂಬುದಕ್ಕೂ ನಂಟಿಲ್ಲ. ಇದರ ದಾಯಾದಿಗಳು ತೋಟದಲ್ಲಿವೆ. ಅಡಿಕೆ ಕೊಯ್ಲಿಗೆ ಬಂದಿದೆ, ಬಾಳೆಗೊನೆ ಹಣ್ಣಿಗೆ ಬಂದಿದೆ, ಹಸು ಬೆದೆಗೆ ಬಂದಿದೆ ಎಂದು ನಾವು ಹೇಳುವಾಗ ಚತುರ್ಥಿಯ ಮುಂದೆ ನಿಂತ ‘ಬರು’ ಎಂಬ ಧಾತುವಿಗೆ ನಡೆದು ಬರುವ ಅರ್ಥವಿಲ್ಲ. ಕಾಲ ಕಳೆದು ಒಂದು ಘಟ್ಟ ಮುಟ್ಟಿದೆ, ಇನ್ನು ಮನುಷ್ಯ ಕೈ ಹಾಕಲೇಬೇಕು ಎಂಬ ಅರ್ಥವಿದೆ. ಇಂಜಿನ್ ಕೆಲಸಕ್ಕೆ ಬರುವುದೂ ಹೀಗೆಯೇ. ಅದು ಕೆಟ್ಟು ನಿಂತಿಲ್ಲ, ಓಡುತ್ತಲೇ ಇದೆ, ಆದರೆ ಸವೆದು ಸವೆದು ಹದ ಮುಟ್ಟಿದೆ. ಏಕಾಏಕಿ ಮುರಿದ ಭಾಗಕ್ಕೆ ಮೇಸ್ತ್ರಿಗಳು ಈ ಮಾತನ್ನು ಬಳಸಿದ್ದನ್ನು ನಾನು ಕೇಳಿಲ್ಲ; ಆಕ್ಸಲ್ ತುಂಡಾದರೆ ‘ಕಟ್ಟಾಯಿತು’, ಬೇರಿಂಗ್ ಹಿಡಿದುಕೊಂಡರೆ ‘ಜಾಮ್ ಆಯಿತು’ ಎನ್ನುತ್ತಾರೆ. ಕ್ಲಚ್ ಪ್ಲೇಟು, ಬ್ರೇಕ್ ಲೈನರ್, ಬುಷ್, ಪಿಸ್ಟನ್ ರಿಂಗ್, ಹೀಗೆ ತೇಯುವ ಸಾಮಾನುಗಳು ಮಾತ್ರ ‘ಕೆಲಸಕ್ಕೆ ಬರುತ್ತವೆ’.

ಎರಡನೆಯ ಮಾತು ಇದಕ್ಕಿಂತ ತೊಡಕಿನದು. ‘ಇಂಜಿನ್ ಕೆಲಸ ಆಗಿದೆ’ ಎಂಬುದರಲ್ಲಿ ಯಾವ ಕೆಲಸ, ಎಷ್ಟು ಕೆಲಸ ಎಂಬುದು ಇಲ್ಲ. ಮೇಸ್ತ್ರಿಗಳು ತಮ್ಮತಮ್ಮೊಳಗೆ ಮಾತಾಡುವಾಗ ಇದನ್ನು ಸ್ಪಷ್ಟವಾಗಿ ಒಡೆದು ಹೇಳುತ್ತಾರೆ. ಸಿಲಿಂಡರಿನ ಮೇಲ್ಭಾಗವನ್ನಷ್ಟೇ ಬಿಚ್ಚಿ ಅನಿಲ ಒಳಹೊರಗೆ ಹೋಗುವ ದಾರಿಗಳನ್ನು ತೆರೆದು ಮುಚ್ಚುವ ವಾಲ್ವುಗಳನ್ನು ಅರೆದು ಕೂರಿಸಿ, ಗ್ಯಾಸ್ಕೆಟ್ ಬದಲಿಸುವುದು ‘ಹೆಡ್ ಕೆಲಸ’. ಪಿಸ್ಟನ್ನಿನ ಸುತ್ತ ಅನಿಲ ಸೋರದಂತೆ ತಡೆಯುವ ರಿಂಗುಗಳನ್ನೂ ಬೇರಿಂಗುಗಳನ್ನೂ ಬದಲಿಸಿದರೆ ‘ಹಾಫ್ ಇಂಜಿನ್’. ಇಂಜಿನ್ನನ್ನು ಕಾರಿನಿಂದ ಪೂರ್ತಿ ಇಳಿಸಿ, ಲೇತಿಗೆ ಕಳಿಸಿ ಸಿಲಿಂಡರ್ ಬೋರ್ ಮಾಡಿಸಿ (ಒಳಗೋಡೆಯನ್ನು ಕೊರೆಸಿ), ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡವನ್ನು ಗ್ರೈಂಡ್ ಮಾಡಿಸಿ, ಹೊಸ ಪಿಸ್ಟನ್ ಹಾಕಿದರೆ ‘ಫುಲ್ ಇಂಜಿನ್’. ನಮಗೆ ಬಾಯಿಮಾತಿನಲ್ಲಿ ಸಿಕ್ಕ ಅಂದಾಜಿನ ಪ್ರಕಾರ ಹೆಡ್ ಕೆಲಸ ಹದಿನೈದು ಸಾವಿರದ ಒಳಗೆ ಮುಗಿಯುತ್ತದೆ, ಹಾಫ್ ಇಂಜಿನ್ನಿಗೆ ಅದರ ಇಮ್ಮಡಿ ಬೇಕು, ಫುಲ್ ಇಂಜಿನ್ ಎಂದರೆ ಸಾಮಾನು ಸಿಕ್ಕರೆ ಎಪ್ಪತ್ತು ಸಾವಿರದಿಂದ ಮೇಲೆ. ಸಾಮಾನಿನ ಮಾತನ್ನು ಮೇಸ್ತ್ರಿ ಒತ್ತಿ ಹೇಳಿದರು. ಹಳೆಯ 1489 ಸಿಸಿ ಇಂಜಿನ್ನಾದರೆ ಅಂಬಾಸಿಡರಿನ ಸಾಮಾನು ಇನ್ನೂ ಹುಡುಕಿದರೆ ಸಿಗುತ್ತದೆ. ಆಮೇಲೆ ಬಂದ ಐಸುಜು 1.8 ಲೀಟರಿನ ಇಂಜಿನ್ ಓಡಿಸಲು ಬಹಳ ಚೆನ್ನ, ಆದರೆ ಅದರ ಸಾಮಾನಿಗೆ ಕೇಳಿದ್ದೇ ಬೆಲೆ.

ಈಗ ಇಬ್ಬರ ಮಾತೂ ಹೇಗೆ ನಿಜವಾಯಿತೆಂದರೆ: ಮೇಸ್ತ್ರಿ ಕಾರನ್ನು ಚಾಲೂ ಮಾಡಿಸಿ, ಆಯಿಲ್ ತುಂಬುವ ಬಾಯಿಯ ಮುಚ್ಚಳ ತೆಗೆದು, ಅದರ ಮೇಲೆ ಅಂಗೈ ಅಡ್ಡ ಹಿಡಿದರು. ಬಿಸಿ ಹಬೆ ಬುಸುಬುಸು ಎಂದು ಮೇಲೆದ್ದು ಅಂಗೈಗೆಲ್ಲ ಆಯಿಲಿನ ಸಣ್ಣ ಹನಿಗಳು ಹತ್ತಿದವು. ಇದಕ್ಕೆ ಅವರ ಪದ ‘ಬ್ಯಾಕ್ ಕಂಪ್ರೆಷನ್’; ಸಿಲಿಂಡರಿನಲ್ಲಿ ಉರಿದ ಅನಿಲ ಸವೆದ ರಿಂಗುಗಳ ಸಂದಿಯಿಂದ ಕೆಳಗಿಳಿದು ಹೀಗೆ ಹೊರಗೆ ನುಗ್ಗುತ್ತದೆ. ಬಳಿಕ ಪ್ಲಗ್ಗುಗಳನ್ನು ಬಿಚ್ಚಿ ಕಂಪ್ರೆಷನ್, ಎಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆದರು, ಒಂದು ಚಮಚದಷ್ಟು ಆಯಿಲನ್ನು ಪ್ಲಗ್ಗಿನ ತೂತಿನಿಂದ ಒಳಗೆ ಬಿಟ್ಟು ಮತ್ತೆ ಅಳೆದರು. ಆಯಿಲ್ ಬಿಟ್ಟಾಗ ಒತ್ತಡ ಏರಿದರೆ ದೋಷ ರಿಂಗಿನದು ಅಥವಾ ಬೋರಿನದು, ಏರದಿದ್ದರೆ ಬಹುಮಟ್ಟಿಗೆ ವಾಲ್ವಿನದು. ಇಲ್ಲಿ ಏರಿತು; ಸವೆದದ್ದು ರಿಂಗು ಅಥವಾ ಬೋರು, ವಾಲ್ವಲ್ಲ. ಎಂದರೆ ಮಾರುವವರು ಮಾಡಿಸಿದ್ದು ಹೆಡ್ ಕೆಲಸ; ಅದು ನಿಜವಾಗಿಯೂ ಆಗಿತ್ತು. ಮೇಲಿನ ವಾಲ್ವುಗಳು ಬಿಗಿಯಾಗಿ ಕೂತ ಮೇಲೆ ಕೆಳಗಿನ ಹಳೆಯ ರಿಂಗುಗಳ ಮೇಲೆ ಒತ್ತಡ ಹೆಚ್ಚುವುದರಿಂದ, ಅರ್ಧ ಕೆಲಸ ಆದ ಇಂಜಿನ್ ಉಳಿದರ್ಧ ಕೆಲಸಕ್ಕೆ ಬೇಗ ಬರುತ್ತದೆ ಎಂಬುದು ಗ್ಯಾರೇಜಿನವರೆಲ್ಲ ಬಲ್ಲ ಸಂಗತಿ.

‘ಫುಲ್ ಇಂಜಿನ್ ಆಗಿದೆ’ ಎಂದರೂ ಮಾತು ಮುಗಿಯುವುದಿಲ್ಲ. ಬೋರ್ ಮಾಡಿಸಿದ ಇಂಜಿನ್ನಿಗೆ ‘ಟ್ವೆಂಟಿ ಆಗಿದೆ’, ‘ಫಾರ್ಟಿ ಆಗಿದೆ’ ಎನ್ನುತ್ತಾರೆ. ಈ ಅಂಕಿ ಇಂಚಿನ ಸಾವಿರದ ಲೆಕ್ಕದ್ದು: ‘ಟ್ವೆಂಟಿ’ ಎಂದರೆ ಸಿಲಿಂಡರಿನ ಅಡ್ಡಳತೆ ಮೂಲಕ್ಕಿಂತ ಸುಮಾರು ಅರ್ಧ ಮಿಲಿಮೀಟರ್ ದೊಡ್ಡದಾಗಿದೆ, ‘ಫಾರ್ಟಿ’ ಎಂದರೆ ಸುಮಾರು ಒಂದು ಮಿಲಿಮೀಟರ್. ಅಷ್ಟು ಕೊರೆದ ಮೇಲೆ ಇನ್ನು ಹೆಚ್ಚು ಕೊರೆಯಲು ಸಾಮಾನ್ಯವಾಗಿ ಲೋಹ ಉಳಿದಿರುವುದಿಲ್ಲ. ಮುಂದಿನ ಸಲ ಒಳಗೆ ಸ್ಲೀವ್ ಎಂಬ ಕೊಳವೆ ಕೂರಿಸಿ ಮೂಲ ಅಳತೆಗೆ, ಅವರ ಮಾತಿನಲ್ಲಿ ‘ಸ್ಟ್ಯಾಂಡರ್ಡ್‌ಗೆ ತರಬೇಕು’. ಹೀಗೆ ಒಂದು ಅಂಕಿ ಹಿಂದೆ ಏನಾಯಿತು, ಮುಂದೆ ಏನು ಬಾಕಿ ಎರಡನ್ನೂ ಹೇಳಿಬಿಡುತ್ತದೆ. ನಮ್ಮ ವೃತ್ತಿಪದಕೋಶಗಳನ್ನು ಮಾಡುವವರು ಇಂತಹ ಮಾತುಗಳನ್ನು ‘ಇಂಗ್ಲಿಷ್ ಪದ’ ಎಂದು ಬದಿಗೆ ಸರಿಸದೆ ಸೇರಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಪದ ಪರಭಾಷೆಯದು, ಅದರ ಬಳಕೆ ಪೂರ್ತಿ ಇಲ್ಲಿಯದು.

ಬಾಡಿಯ ವಿಷಯದಲ್ಲಿ ‘ಕೆಲಸ ಆಗಿದೆ’ ಎಂಬುದು ಇನ್ನೂ ಸಡಿಲ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಒದ್ದೆ ನೆಲದ ಮೇಲೆ ನಿಂತ ಕಾರಿನ ತಳವನ್ನೂ ಬಾಗಿಲ ಕೆಳಗಿನ ಅಂಚನ್ನೂ ತುಕ್ಕು ತಿನ್ನುತ್ತದೆ. ಅದನ್ನು ಕತ್ತರಿಸಿ ಹೊಸ ತಗಡು ಬೆಸೆದರೆ ‘ಟಿಂಕರ್ ಕೆಲಸ’, ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಅದೂ ‘ಕೆಲಸ’ವೇ. ಅಯಸ್ಕಾಂತ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ, ಮಾತಿನಿಂದ ಗೊತ್ತಾಗುವುದಿಲ್ಲ.

ನನ್ನ ಪ್ರಶ್ನೆಗಳು ಇಷ್ಟು. ಚತುರ್ಥಿಯೊಡನೆ ಬರುವ ಈ ‘ಕೆಲಸಕ್ಕೆ ಬಂದಿದೆ’ ಹುಬ್ಬಳ್ಳಿ, ಕಲಬುರಗಿ, ಮೈಸೂರು, ಮಂಗಳೂರುಗಳ ಗ್ಯಾರೇಜುಗಳಲ್ಲೂ ಇದೆಯೇ, ಅಥವಾ ಅಲ್ಲಿ ‘ಕೆಲಸ ಐತಿ’, ‘ಕೆಲಸ ಕೇಳ್ತಿದೆ’ ಎಂಬಂತಹ ಬೇರೆ ರೂಪಗಳಿವೆಯೇ? ಮೋಟಾರು ಬರುವುದಕ್ಕೆ ಮೊದಲು ಗಾಣ, ಏತ, ಎತ್ತಿನಗಾಡಿಗಳ ಬಗ್ಗೆ ಇದೇ ಮಾತು ಬಳಕೆಯಲ್ಲಿದ್ದುದಕ್ಕೆ ಹಳೆಯ ಬರಹಗಳಲ್ಲಿ ಆಧಾರ ಸಿಕ್ಕೀತೇ? ಜೊತೆಗೆ ಇನ್ನೊಂದು ಪದ. ಸ್ಟಿಯರಿಂಗ್ ಚಕ್ರವನ್ನು ತುಸು ತಿರುಗಿಸಿದರೂ ಗಾಲಿ ಅಲುಗದಷ್ಟು ಸ್ಟಿಯರಿಂಗನ್ನು ಗಾಲಿಗೆ ಜೋಡಿಸುವ ಟೈ ರಾಡಿನ ತುದಿಗಳು ಸವೆದಿದ್ದರೆ ನಮ್ಮಲ್ಲಿ ‘ಆಟ ಜಾಸ್ತಿಯಾಗಿದೆ’ ಎನ್ನುತ್ತಾರೆ. ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿ ಇಳಿಯುವವರು ಮೊದಲು ನೋಡಿಸುವುದು ಇದನ್ನೂ ಬ್ರೇಕನ್ನೂ. ಈ ‘ಆಟ’ ಇಂಗ್ಲಿಷಿನ ‘ಪ್ಲೇ’ಯನ್ನು ಮಾತಿಗೆ ಮಾತಾಗಿ ಇಳಿಸಿಕೊಂಡದ್ದೋ, ಅಥವಾ ಗಾಡಿಯ ಅಚ್ಚಿಗೂ ಗಾಲಿಗೂ ನಡುವಿನ ಸಡಿಲಕ್ಕೆ ಬಡಗಿಗಳು ಮೊದಲಿನಿಂದಲೂ ಹೇಳುತ್ತಿದ್ದ ಮಾತೋ, ತಿಳಿದವರು ಬರೆಯಬೇಕಾಗಿ ಕೋರುತ್ತೇನೆ.