ಗಾಳಿಯಿಂದ ನಿಲ್ಲುವ ಗುಮ್ಮಟದ ಮಾಡೆಲ್: ಬಟ್ಟೆ ಕತ್ತರಿಸೋಕೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಆರ್ಕಿಟೆಕ್ಚರ್ ಕ್ಲಾಸಿಗೆ ಫ್ರಾನ್ಸಿನ ಬ್ರಿಟನಿಯಲ್ಲಿರುವ ಪ್ಲೆಮರ್-ಬೊದು ಉಪಗ್ರಹ ಕೇಂದ್ರದ ಮಾಡೆಲ್ ಮಾಡ್ತಿದ್ದೇನೆ. 1962ರ ಜುಲೈನಲ್ಲಿ ಟೆಲ್‌ಸ್ಟಾರ್ ಎಂಬ ಸಂಪರ್ಕ ಉಪಗ್ರಹದ ಮೂಲಕ ಅಮೆರಿಕದ ಟಿವಿ ಚಿತ್ರ ಬಂದಿಳಿದದ್ದು ಇಲ್ಲೇ. ಹೊಲಗದ್ದೆಗಳ ನಡುವೆ ಒಂದು ದೊಡ್ಡ ಬಿಳಿ ಗುಮ್ಮಟ: 64 ಮೀಟರ್ ಅಗಲ, 50 ಮೀಟರ್ ಎತ್ತರ. ಒಳಗೆ ಕಂಬ ಇಲ್ಲ, ತೊಲೆ ಇಲ್ಲ. ತೆಳು ಡೇಕ್ರಾನ್ (ಒಂದು ಬಗೆಯ ಪಾಲಿಯೆಸ್ಟರ್) ಬಟ್ಟೆ, ಒಳಗಿನ ಗಾಳಿಯ ಒತ್ತಡದಿಂದಲೇ ನಿಂತಿದೆ. ಲೋಹದ ಚಾವಣಿ ಹಾಕಿದರೆ ರೇಡಿಯೋ ಅಲೆ ದಾಟಲ್ಲ, ಅದಕ್ಕೇ ಬಟ್ಟೆ. ಅದರೊಳಗೆ 340 ಟನ್ನಿನ ಕೊಂಬಿನಾಕಾರದ ಆಂಟೆನಾ. ನನಗಂತೂ ಆಂಟೆನಾಗಿಂತ ಈ ಬಟ್ಟೆಯೇ ಜಾಸ್ತಿ ಇಷ್ಟ.

ಮಾಡೆಲ್ 1:200 ಅಳತೆಯದು. ಅಂದರೆ 32 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರ. ನೈಲಾನ್ ಬಟ್ಟೆಯನ್ನು ಕೊಡೆಯ ಹಾಗೆ 12 ಪಟ್ಟಿ ಮಾಡಿ ಹೊಲಿದೆ. ಪ್ಲೈವುಡ್ ಉಂಗುರಕ್ಕೆ ಅಂಟಿಸಿ, ಕೆಳಗಿಂದ ಕಂಪ್ಯೂಟರ್ ಫ್ಯಾನ್ ಇಟ್ಟೆ. ಮೇಲ್ಭಾಗ ಚೆನ್ನಾಗಿ ಉಬ್ಬುತ್ತೆ. ಆದರೆ ಗೋಳದ ನಡುಗೆರೆಯಿಂದ ಕೆಳಗೆ, ಬುಡದವರೆಗೆ 9 ಸೆಂ.ಮೀ. ಎತ್ತರದ, ಒಳಸರಿಯುವ ಭಾಗದಲ್ಲಿ, ಪ್ರತಿ ಹೊಲಿಗೆ ಪಕ್ಕ ಸುಕ್ಕು. ಇಸ್ತ್ರಿ ಮಾಡಿ ನೋಡಿದೆ, ಫ್ಯಾನ್ ವೇಗ ಹೆಚ್ಚಿಸಿದೆ, ಹೊಲಿಗೆ ಬಿಚ್ಚಿ ಅಂಟು ಹಚ್ಚಿದೆ. ಸುಕ್ಕು ಹೋಗ್ತಿಲ್ಲ.

ಬಲೂನ್, ಗಾಳಿಪಟ ಮಾಡಿದವರು ಅಥವಾ ಟೈಲರಿಂಗ್ ಗೊತ್ತಿರೋರು ಹೇಳಿ: ಪಟ್ಟಿಯನ್ನು ಬುಡದವರೆಗೆ ಒಂದೇ ತುಂಡಾಗಿ ಕತ್ತರಿಸಬೇಕಾ, ಇಲ್ಲ ನಡುಗೆರೆಯಲ್ಲಿ ಬೇರೆ ಮಾಡಿ ಕೆಳಗಿನ ತುಂಡು ಹೊಲಿಯಬೇಕಾ? ಒಂದೇ ತುಂಡಾದರೆ ಪಟ್ಟಿಗಳ ಸಂಖ್ಯೆ ಎಷ್ಟಕ್ಕೆ ಏರಿಸಲಿ?