ಒರಾಂಡಾ ಗೋಲ್ಡ್‌ಫಿಶ್‌ನ ಬಲಗಣ್ಣು ಉಬ್ಬಿ ಮಂಜಾಗಿದೆ: ಯಾವ ಉಪ್ಪು, ಎಷ್ಟು?

ತಿಳಿನೀರು

ಟ್ಯಾಂಕ್ 60×30×36 ಸೆಂ.ಮೀ., ನೀರು 32 ಸೆಂ.ಮೀ. ಎತ್ತರದವರೆಗೆ. ಎರಡು ಒರಾಂಡಾ, ಒಂದು ಬ್ಲ್ಯಾಕ್ ಮೂರ್ (ಉಬ್ಬುಗಣ್ಣಿನ ಕಪ್ಪು ಗೋಲ್ಡ್‌ಫಿಶ್). ನಾಲ್ಕು ದಿನದಿಂದ ಒಂದು ಒರಾಂಡಾದ ಬಲಗಣ್ಣು ಹೊರಗೆ ಉಬ್ಬಿದೆ, ಮೇಲೆ ಹಾಲು ಸವರಿದ ಹಾಗೆ ಬಿಳಿ ಮಂಜು. ಎಡಗಣ್ಣು ಸರಿ ಇದೆ. ತಿನ್ನುತ್ತಿದೆ, ಹೊಟ್ಟೆ ಊದಿಲ್ಲ, ಹುರುಪೆ ನಿಗುರಿಲ್ಲ.

ಇವತ್ತಿನ ಟೆಸ್ಟ್: ಅಮೋನಿಯಾ 0.5, ನೈಟ್ರೈಟ್ 0.25, ನೈಟ್ರೇಟ್ 60 ಪಿಪಿಎಂ. ಪಿಎಚ್ 7.8, ಉಷ್ಣತೆ 26 ಡಿಗ್ರಿ. ಕಣ್ಣು ಉಬ್ಬಿದ ದಿನವೇ ಮೆಥಿಲೀನ್ ಬ್ಲೂ (ಫಂಗಸ್‌ಗೆ ಹಾಕುವ ನೀಲಿ ಔಷಧಿ) ಹಾಕಿ, ಫಿಲ್ಟರ್ ಸ್ಪಾಂಜನ್ನು ನಲ್ಲಿ ನೀರಲ್ಲಿ ಚೆನ್ನಾಗಿ ತೊಳೆದಿದ್ದೇನೆ. ಟ್ಯಾಂಕಲ್ಲಿ ಚೂಪು ಅಂಚಿನ ಎರಡು ಕಲ್ಲು, ಆನುಬಿಯಾಸ್ ಗಿಡ, ತಳದಲ್ಲಿ ತೆಳ್ಳಗೆ ಜಲ್ಲಿ ಇವೆ.

ಎಪ್ಸಮ್ ಉಪ್ಪು ಹಾಕಿ ಅಂತ ಕೆಲವರು, ಕಲ್ಲುಪ್ಪು ಸಾಕು ಅಂತ ಕೆಲವರು, ನೇರವಾಗಿ ಆ್ಯಂಟಿಬಯಾಟಿಕ್ ಅಂತ ಇನ್ನು ಕೆಲವರು. ಯಾವುದು ಮೊದಲು? ಮೀನನ್ನು ಬೇರೆ ತೊಟ್ಟಿಗೆ ಹಾಕಬೇಕೇ?

ಕೆರೆಯಂಚು

ಕಣ್ಣು ಉಬ್ಬುವುದು ರೋಗದ ಹೆಸರಲ್ಲ, ಒಂದು ಲಕ್ಷಣ ಅಷ್ಟೇ. ಹಾಗಾಗಿ ಮೊದಲ ಪ್ರಶ್ನೆ: ಒಂದು ಕಣ್ಣೋ, ಎರಡೋ? ಎರಡೂ ಒಟ್ಟಿಗೆ ಉಬ್ಬಿದ್ದರೆ ಒಳಗಿನ ಸೋಂಕು, ಮೂತ್ರಪಿಂಡದ ತೊಂದರೆ ಅಥವಾ ಬಹಳ ದಿನದಿಂದ ಕೆಟ್ಟಿರುವ ನೀರು ಎಂದು ಅನುಮಾನಿಸಬೇಕು. ಒಂದೇ ಕಣ್ಣಾದರೆ ಹೆಚ್ಚಾಗಿ ಪೆಟ್ಟು. ನಿಮ್ಮದು ಒಂದೇ ಕಣ್ಣು, ಚೂಪು ಕಲ್ಲೂ ಇದೆ, ಮೀನು ತಿನ್ನುತ್ತಲೂ ಇದೆ. ಪೆಟ್ಟಿನಿಂದ ಶುರುವಾಗಿ ಕೆಟ್ಟ ನೀರಿನಿಂದ ಹೆಚ್ಚಾಗಿದೆ ಅಂತಲೇ ನನ್ನ ಲೆಕ್ಕ.

ಎರಡನೆಯದು, ಬಿಳಿ ಇರುವುದು ಎಲ್ಲಿ? ಕೋಣೆಯ ದೀಪ ಆರಿಸಿ, ಸಣ್ಣ ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿದು ಪಕ್ಕದಿಂದ ಬೆಳಕು ಬಿಡಿ. ಬಿಳುಪು ಕಣ್ಣಿನ ಹೊರಮೈಯಲ್ಲೇ ಇದ್ದು ಪಾಪೆಯ ಅಂಚನ್ನೂ ಮುಚ್ಚಿದ್ದರೆ ಅದು ಕಾರ್ನಿಯಾದ್ದು. ಹೊರಮೈ ಗಾಜಿನಂತೆ ತಿಳಿಯಾಗಿದ್ದು, ಪಾಪೆಯ ಒಳಗೆ ಮಾತ್ರ ಬಿಳಿ ಮುತ್ತಿನಂತೆ ಕಂಡರೆ ಲೆನ್ಸಿನ ಪೊರೆ. ಇದು ಯಾವ ಉಪ್ಪಿಗೂ ಹೋಗದು. ಹತ್ತಿಯ ಎಳೆಯಂತೆ ಕುಚ್ಚು ನಿಂತಿದ್ದರೆ ಗಾಯದ ಮೇಲೆ ಬೆಳೆದ ಫಂಗಸ್. ಮೆಥಿಲೀನ್ ಬ್ಲೂಗೆ ಕೆಲಸ ಇರುವುದು ಅಲ್ಲಿ ಮಾತ್ರ, ಅದೂ ಬೇರೆ ತೊಟ್ಟಿಯಲ್ಲಿ. ನಿಮ್ಮ ಟ್ಯಾಂಕಲ್ಲಿ ಅದು, ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಆಗಿಸುವ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೆ ಪೆಟ್ಟು ಕೊಟ್ಟಿದೆ. ಉಳಿದವುಗಳ ಮೇಲೆ ಕ್ಲೋರಿನ್ ಇರುವ ನಲ್ಲಿ ನೀರು ಬಿದ್ದಿದೆ. 0.5 ಅಮೋನಿಯಾ ಬಂದಿದ್ದು ಹೀಗೆ.

ಆ 0.5 ಸಣ್ಣ ಅಂಕಿಯಲ್ಲ. ಪಿಎಚ್ ಒಂದು ಅಂಕ ಏರಿದರೆ ಅಮೋನಿಯಾದಲ್ಲಿ ವಿಷಕಾರಿಯಾದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. 6.8ರಲ್ಲಿ ತಡೆದುಕೊಳ್ಳುವ ಮೀನು 7.8ರಲ್ಲಿ ನರಳುತ್ತದೆ. ಮೀನಿಗೆ ರೆಪ್ಪೆ ಇಲ್ಲ, ಕಾರ್ನಿಯಾ ಹಗಲೂ ರಾತ್ರಿ ಆ ನೀರಿನಲ್ಲೇ ತೊಯ್ದಿರುತ್ತದೆ. ಮೀನಿನ ರಕ್ತದಲ್ಲಿ ಉಪ್ಪು ಹೆಚ್ಚು, ಸಿಹಿನೀರಿನಲ್ಲಿ ಕಡಿಮೆ. ಹಾಗಾಗಿ ಕಾರ್ನಿಯಾ ತರಚಿದ ಜಾಗದಿಂದ ನೀರು ಒಳಗೆ ನುಗ್ಗಿ ಅದು ಊದಿ ಬೆಳ್ಳಗಾಗುತ್ತದೆ. ನೀವು ನೋಡುತ್ತಿರುವ ಹಾಲಿನ ಬಣ್ಣ ಬಹುತೇಕ ಇದೇ.

ಈಗ ಕೆಲಸ. ಇವತ್ತು 30% ನೀರು ಬದಲಿಸಿ, ನಾಳೆ ಇನ್ನೊಮ್ಮೆ 30%. ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ, ಉಷ್ಣತೆ ಒಂದು ಡಿಗ್ರಿಯ ಅಂತರದೊಳಗೆ ಇರಲಿ. ಎರಡು ಬದಲಾವಣೆಗೆ ಅಮೋನಿಯಾ ಲೆಕ್ಕದಲ್ಲಿ 0.25ರ ಹತ್ತಿರ ಬರಬೇಕು. ಆದರೆ ಮೀನು ಬಿಡುವ ಅಮೋನಿಯಾ ನಿಲ್ಲುವುದಿಲ್ಲವಲ್ಲ, ಆದ್ದರಿಂದ ಆಹಾರ ಅರ್ಧಕ್ಕಿಳಿಸಿ ದಿನಾ ಟೆಸ್ಟ್ ಮಾಡಿ, 0.25 ದಾಟಿದ ದಿನ ಮತ್ತೆ ಬದಲಿಸಿ. ನೀಲಿ ಬಣ್ಣ ಹೋಗುವವರೆಗೆ ಫಿಲ್ಟರಲ್ಲಿ ಆ್ಯಕ್ಟಿವೇಟೆಡ್ ಕಾರ್ಬನ್ ಇಡಿ. ಸ್ಪಾಂಜನ್ನು ಇನ್ನು ಮುಂದೆ ಟ್ಯಾಂಕಿನಿಂದಲೇ ತೆಗೆದ ನೀರಲ್ಲಿ ಹಿಂಡಿ. ಕಲ್ಲು ಎರಡನ್ನೂ ಇವತ್ತೇ ತೆಗೆಯಿರಿ.

ಬೇರೆ ತೊಟ್ಟಿಯ ವಿಷಯ: ಬ್ಯಾಕ್ಟೀರಿಯಾ ನೆಲೆಸಿ ಹಳಗಿದ ಸ್ಪಾಂಜ್ ಫಿಲ್ಟರ್ ಇಲ್ಲದ 20 ಲೀಟರ್ ತೊಟ್ಟಿಗೆ ಗೋಲ್ಡ್‌ಫಿಶ್ ಹಾಕಿದರೆ ಒಂದೇ ದಿನದಲ್ಲಿ ಅಲ್ಲೂ ಅಮೋನಿಯಾ ಏರುತ್ತದೆ. ಮಿಕ್ಕ ಎರಡು ಮೀನು ಆ ಕಣ್ಣನ್ನು ಕುಕ್ಕದಿದ್ದರೆ ಇಲ್ಲೇ ಇರಲಿ. ಕುಕ್ಕಿದರೆ ಬಲೆಯ ಅಡ್ಡಗೋಡೆ ಹಾಕಿ.

ಗಾಜಿನಕೊಳ

ಮೇಲಿನದಕ್ಕೆ ಉಪ್ಪಿನ ಲೆಕ್ಕ ಸೇರಿಸುತ್ತೇನೆ. ಎರಡು ಉಪ್ಪೂ ಬೇರೆ ಬೇರೆ ವಸ್ತು, ಕೆಲಸವೂ ಬೇರೆ. ಎಪ್ಸಮ್ ಎಂದರೆ ಮೆಗ್ನೀಸಿಯಂ ಸಲ್ಫೇಟ್. ಕಣ್ಣಿನ ಹಿಂದೆ ತುಂಬಿದ ದ್ರವ ಇಳಿಸಲು ಬಳಸುವುದು ಅದನ್ನು. ಅಡುಗೆಯ ಉಪ್ಪು ಸೋಡಿಯಂ ಕ್ಲೋರೈಡ್. ಅದರ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿಗೆ ಪೈಪೋಟಿ ಕೊಟ್ಟು ಅದು ರಕ್ತಕ್ಕೆ ಸೇರದಂತೆ ತಡೆಯುತ್ತದೆ, ಕಾರ್ನಿಯಾದ ಮೂಲಕ ನೀರು ನುಗ್ಗುವುದನ್ನೂ ಒಂದಿಷ್ಟು ತಗ್ಗಿಸುತ್ತದೆ. ನಿಮ್ಮಲ್ಲಿ ನೈಟ್ರೈಟ್ 0.25 ಇರುವುದರಿಂದ ಎರಡೂ ಬೇಕು ಎನ್ನುವವನು ನಾನು.

ನೀರಿನ ನಿಜವಾದ ಪ್ರಮಾಣ: 60×30×32 ÷ 1000 = 57.6 ಲೀಟರ್. ಜಲ್ಲಿ, ಫಿಲ್ಟರ್ ಜಾಗಕ್ಕೆ 10% ಕಳೆದರೆ ಸುಮಾರು 52. ಟ್ಯಾಂಕ್ ಕೊಳ್ಳುವಾಗ ಹೇಳಿದ ಲೀಟರ್ ನಂಬಿ ಔಷಧಿ ಹಾಕಬೇಡಿ, ಅದು ಅಂಚಿನವರೆಗೆ ತುಂಬಿದ ಅಳತೆ.

ಎಪ್ಸಮ್ ಲೀಟರಿಗೆ 0.25 ಗ್ರಾಂನಂತೆ 13 ಗ್ರಾಂ. ಮಟ್ಟಸವಾಗಿ ಅಳೆದ 5 ಮಿ.ಲೀ. ಚಮಚಕ್ಕೆ ಸರಿಸುಮಾರು 5 ಗ್ರಾಂ ಬರುತ್ತದೆ, ಆದರೂ ತಕ್ಕಡಿಯೇ ಒಳ್ಳೆಯದು. ಒಂದು ಮಗ್ ಟ್ಯಾಂಕ್ ನೀರಲ್ಲಿ ಪೂರ್ತಿ ಕರಗಿಸಿ, ಮೂರು ಭಾಗ ಮಾಡಿ ದಿನದಲ್ಲಿ ಮೂರು ಸಲ, ಫಿಲ್ಟರಿನ ನೀರು ಬೀಳುವ ಕಡೆ ಸುರಿಯಿರಿ. ಹರಳು ನೇರ ಹಾಕಿದರೆ ಮೀನು ಬಾಯಿಗೆ ಹಾಕಿಕೊಳ್ಳುತ್ತದೆ. ಮೂರು ದಿನದಲ್ಲಿ ಉಬ್ಬು ಸ್ವಲ್ಪವೂ ಇಳಿಯದಿದ್ದರೆ ಇನ್ನೊಂದು 13 ಗ್ರಾಂ. ಲೀಟರಿಗೆ 0.75 ಗ್ರಾಂ ದಾಟಬೇಡಿ.

ಅಡುಗೆ ಉಪ್ಪು ಲೀಟರಿಗೆ 1 ಗ್ರಾಂ, ಅಂದರೆ 52 ಗ್ರಾಂ, ಇದನ್ನೂ ಕರಗಿಸಿ ಒಂದು ದಿನದಲ್ಲಿ ಹಂತಹಂತವಾಗಿ. ಗಂಟುಕಟ್ಟದಂತೆ ಪುಡಿ ಬೆರೆಸಿದ ಟೇಬಲ್ ಸಾಲ್ಟ್ ಬೇಡ, ಶುದ್ಧವಾದ ಕಲ್ಲುಪ್ಪು ಸಾಕು. ಆನುಬಿಯಾಸ್ ಈ ಮಟ್ಟ ತಡೆಯುತ್ತದೆ. ಉಪ್ಪು ಅಷ್ಟಾಗಿ ತಡೆಯದ ಕೋರಿಡೋರಸ್, ಲೋಚ್ ಜಾತಿಯ ಮೀನುಗಳಿದ್ದಿದ್ದರೆ ಇಷ್ಟು ಹೇಳುತ್ತಿರಲಿಲ್ಲ.

ಎಲ್ಲರೂ ಎಡವುವ ಜಾಗ ಮುಂದಿನದು. ಉಪ್ಪು ಆವಿಯಾಗಿ ಹೋಗುವುದಿಲ್ಲ. ಆವಿಯಾದ ನೀರು ತುಂಬಿಸುವಾಗ ಉಪ್ಪು ಸೇರಿಸಬೇಡಿ. 15 ಲೀಟರ್ ತೆಗೆದು ಬದಲಿಸಿದಾಗ ಆ 15ಕ್ಕೆ ಮಾತ್ರ: ಎಪ್ಸಮ್ 4 ಗ್ರಾಂ, ಕಲ್ಲುಪ್ಪು 15 ಗ್ರಾಂ. ಪ್ರತಿ ಸಲ ಪೂರ್ತಿ ಡೋಸ್ ಹಾಕುತ್ತಾ ಹೋದರೆ ವಾರದಲ್ಲಿ ಎರಡು ಪಟ್ಟು ದಾಟಿರುತ್ತದೆ.

ಈಜುರೆಕ್ಕೆ

ಆ್ಯಂಟಿಬಯಾಟಿಕ್ ಈಗ ಬೇಡ. ಕಣ್ಣಿನ ಸುತ್ತ ರಕ್ತ ಕೆಂಪಗೆ ಹರಡಿದರೆ, ಇನ್ನೊಂದು ಕಣ್ಣೂ ಉಬ್ಬಿದರೆ, ತಿನ್ನುವುದು ಬಿಟ್ಟರೆ, ಹುರುಪೆ ನಿಗುರಿದರೆ ಆಗ ಬೇಕು. ಮೀನು ನೋಡುವ ಪಶುವೈದ್ಯರಿದ್ದರೆ ಅವರು ಹೇಳಿದ ಔಷಧಿಯೇ ಸರಿ. ಮೀನು ತಿನ್ನುತ್ತಿರುವಾಗ ಆಹಾರದಲ್ಲಿ ಬೆರೆಸಿ ಕೊಟ್ಟದ್ದು ನೀರಿಗೆ ಸುರಿದದ್ದಕ್ಕಿಂತ ಚೆನ್ನಾಗಿ ತಾಗುತ್ತದೆ. ಎರಡು ಎಚ್ಚರಿಕೆ: ಟೆಟ್ರಾಸೈಕ್ಲಿನ್ ಗುಂಪಿನವು ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಕಟ್ಟಿಕೊಂಡು ನಿಷ್ಕ್ರಿಯವಾಗುತ್ತವೆ. ಗಡಸು ನೀರಲ್ಲಿ, ಅದರಲ್ಲೂ ಎಪ್ಸಮ್ ಹಾಕಿದ ನೀರಲ್ಲಿ ಅವು ದಂಡ. ಇನ್ನು ಯಾವುದೇ ಔಷಧಿ ಹಾಕುವ ಮೊದಲು ಕಾರ್ಬನ್ ತೆಗೆಯಿರಿ, ಇಲ್ಲದಿದ್ದರೆ ಅದೇ ಔಷಧಿಯನ್ನು ಹೀರಿಕೊಳ್ಳುತ್ತದೆ.

ಟಾರ್ಚ್ ಬಿಟ್ಟಾಗ ಕಣ್ಣಿನೊಳಗೆ ಅಥವಾ ರೆಕ್ಕೆಯ ಕಡ್ಡಿಗಳ ನಡುವೆ ಮಿನುಗುವ ಗುಳ್ಳೆ ಕಾಣುತ್ತದೆಯೇ, ಅದನ್ನೂ ನೋಡಿ. ಕಂಡರೆ ಕಥೆಯೇ ಬೇರೆ. ನೀರಲ್ಲಿ ಗಾಳಿ ಅತಿಯಾಗಿ ಕರಗಿದೆ ಎಂದರ್ಥ. ಪಂಪು ಎಳೆಯುವ ಬದಿಯ ಪೈಪಿನಲ್ಲಿ ಸಣ್ಣ ಸೀಳಿದ್ದು ಗಾಳಿ ಹೀರುತ್ತಿದ್ದರೆ ಅಥವಾ ತಣ್ಣೀರನ್ನು ತಕ್ಷಣ ಬಿಸಿ ಮಾಡಿ ಸುರಿದರೆ ಹಾಗಾಗುತ್ತದೆ. ಸೀಳು ಮುಚ್ಚಿ, ಏರ್‌ಸ್ಟೋನ್ ಜೋರಾಗಿ ಬಿಟ್ಟು ನೀರಿನ ಮೇಲ್ಮೈ ಕಲಕಿದರೆ ಹೆಚ್ಚಿನ ಗಾಳಿ ಹೊರಹೋಗುತ್ತದೆ. ಅದಕ್ಕೆ ಔಷಧಿ ಇಲ್ಲ.

ಉಬ್ಬಿದ ಕಣ್ಣನ್ನು ಸೂಜಿಯಿಂದ ಚುಚ್ಚಿ ದ್ರವ ತೆಗೆಯಲು ಖಂಡಿತ ಹೋಗಬೇಡಿ. ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಇಲ್ಲದೆ ಟ್ಯಾಂಕಿಗೆ ಕೈ ಹಾಕಬೇಡಿ. ಮೀನಿನ ಕಣ್ಣು ಉಬ್ಬಿಸುವ ಮೈಕೋಬ್ಯಾಕ್ಟೀರಿಯಂ ಗುಂಪಿನ ಕೆಲವು ಮನುಷ್ಯನ ಚರ್ಮಕ್ಕೂ ಹತ್ತಿ ಗಂಟಾಗುತ್ತವೆ, ವಾಸಿಯಾಗಲು ತಿಂಗಳುಗಳೇ ಬೇಕು.

ತಿಳಿನೀರು

ಚಿಕಿತ್ಸೆ ಶುರುವಾದ ಐದನೇ ದಿನದ ವಿವರ. ಟಾರ್ಚ್ ಬಿಟ್ಟು ನೋಡಿದೆ: ಬಿಳುಪು ಹೊರಮೈಯಲ್ಲೇ ಇದೆ, ಅದರ ನಡುವೆ ಕೂದಲೆಳೆಯಷ್ಟು ಅಡ್ಡಗೆರೆ, ಪಾಪೆಯ ಒಳಗೆ ಕಪ್ಪು. ಗುಳ್ಳೆ ಇಲ್ಲ. ಅಮೋನಿಯಾ 0.1, ನೈಟ್ರೈಟ್ 0.25, ನೈಟ್ರೇಟ್ 25. ಎಪ್ಸಮ್ ಎರಡನೇ 13 ಗ್ರಾಂ ನಿನ್ನೆ ಹಾಕಿದೆ. ಮೇಲಿನಿಂದ ನೋಡಿದಾಗ ಎರಡು ಕಣ್ಣಿನ ವ್ಯತ್ಯಾಸ ಸ್ವಲ್ಪ ಕಡಿಮೆ ಅನ್ನಿಸುತ್ತಿದೆ, ಮಂಜು ಹಾಗೇ ಇದೆ. ಬ್ಲ್ಯಾಕ್ ಮೂರ್‌ನ ಕಣ್ಣು ತಳಿಗುಣದಿಂದಲೇ ಉಬ್ಬು, ಅದಕ್ಕೂ ಶುರುವಾದರೆ ಗೊತ್ತಾಗುವುದು ಹೇಗೆ?

ಕೆರೆಯಂಚು

ಅಡ್ಡಗೆರೆ ಎಂದರೆ ತರಚು ಗಾಯ, ಪಾಪೆ ಕಪ್ಪಗಿದೆ ಎಂದರೆ ಲೆನ್ಸ್ ಉಳಿದಿದೆ. ಒಳ್ಳೆಯ ಸುದ್ದಿ. ಸಾಮಾನ್ಯವಾಗಿ ಉಬ್ಬು ಮೊದಲು ಇಳಿಯುತ್ತದೆ, ಮಂಜು ನಿಧಾನವಾಗಿ ಅಂಚಿನಿಂದ ತಿಳಿಯಾಗುತ್ತಾ ಬರುತ್ತದೆ, ಎರಡು ಮೂರು ವಾರ ಬೇಕಾಗಬಹುದು. ದಿನಾ ಒಂದೇ ಹೊತ್ತಿಗೆ ಮೇಲಿನಿಂದ ಫೋಟೋ ತೆಗೆಯಿರಿ, ಕಣ್ಣಳತೆ ಮೋಸ ಮಾಡುತ್ತದೆ. ಈಗ ಎಪ್ಸಮ್ ಲೀಟರಿಗೆ 0.5 ಆಗಿದೆ, ಆದ್ದರಿಂದ 15 ಲೀಟರ್ ಬದಲಿಸಿದಾಗ 7.5 ಗ್ರಾಂ ಸೇರಿಸಿ.

ಬ್ಲ್ಯಾಕ್ ಮೂರ್ ವಿಷಯದಲ್ಲಿ ಗಾತ್ರ ನೋಡಬೇಡಿ, ಎರಡು ಕಣ್ಣು ಒಂದಕ್ಕೊಂದು ಸಮವಾಗಿವೆಯೇ ನೋಡಿ. ಒಂದು ಹೆಚ್ಚು ಚಾಚಿದ್ದರೆ, ಕಣ್ಣಿನ ಬುಡದಲ್ಲಿ ಬಿಳಿ ಉಂಗುರದಂತೆ ದ್ರವ ಕಂಡರೆ, ಹೊಳಪು ಹೋಗಿದ್ದರೆ ಎಚ್ಚರವಾಗಿ. ಆ ತಳಿಗೆ ಎದುರಿಗಿರುವುದು ಸರಿಯಾಗಿ ಕಾಣುವುದಿಲ್ಲ, ಗಾಯ ಮಾಡಿಕೊಳ್ಳುವುದರಲ್ಲಿ ಅದೇ ಮೊದಲು. ಹಿಡಿಯಬೇಕಾದರೆ ಬಲೆ ಬೇಡ, ನೀರು ತುಂಬಿದ ಡಬ್ಬದಲ್ಲೇ ಎತ್ತಿ.

ಗಾಜಿನಕೊಳ

ಒಂದು ವೇಳೆ ಆ ಕಣ್ಣು ಹೋದರೂ ಒರಾಂಡಾ ಬದುಕುತ್ತದೆ. ವಾಸನೆ ಮತ್ತು ಪಕ್ಕೆಯ ಸಂವೇದನಾ ರೇಖೆಯ ನೆರವಿನಿಂದ ಆಹಾರ ಹುಡುಕುತ್ತದೆ. ಮುಳುಗುವ ಗುಳಿಗೆಯನ್ನು ದಿನಾ ಒಂದೇ ಮೂಲೆಯಲ್ಲಿ, ಮೀನಿನ ಸರಿಯಿರುವ ಎಡಗಣ್ಣಿನ ಬದಿಗೆ ಹಾಕಿ. ಆಹಾರದ ಡಬ್ಬ ತೆರೆದು ಬಹಳ ತಿಂಗಳಾಗಿದ್ದರೆ ಬದಲಿಸಿ, ಅದರ ವಿಟಮಿನ್ ಅಷ್ಟರಲ್ಲಿ ಕೆಟ್ಟಿರುತ್ತದೆ.

ಕಣ್ಣು ಸಹಜ ಗಾತ್ರಕ್ಕೆ ಬಂದ ಮೇಲೆ ಮೂರು ದಿನ ಅದೇ ಮಟ್ಟ ಇಟ್ಟುಕೊಳ್ಳಿ. ಆಮೇಲೆ 30% ನೀರು ಬದಲಿಸುವಾಗ ಉಪ್ಪು ಸೇರಿಸದೆ ಬಿಡಿ, ನಾಲ್ಕೈದು ಬದಲಾವಣೆಗೆ ತಾನಾಗಿ ತಗ್ಗುತ್ತದೆ. ಒಂದೇ ದಿನ ಪೂರ್ತಿ ಹೊಸ ನೀರಿಗೆ ಹೋಗಬೇಡಿ. ಇನ್ನು 52 ಲೀಟರಿಗೆ ಮೂರು ಗೋಲ್ಡ್‌ಫಿಶ್ ಹೆಚ್ಚಾಯಿತು. ಫಿಲ್ಟರ್ ಚೇತರಿಸಿಕೊಂಡರೂ ನೈಟ್ರೇಟ್ ಮತ್ತೆ 60ಕ್ಕೆ ಏರುತ್ತದೆ. 150 ಲೀಟರಿನ ಟ್ಯಾಂಕ್ ಸಿಗುವವರೆಗೆ ವಾರಕ್ಕೆ ಎರಡು ಸಲ 15 ಲೀಟರ್ ತಪ್ಪದೆ ಬದಲಿಸಿ.