ಬಿಳಿ ಇಲಿಯ ಕಣ್ಣಂಚಿನ ಕೆಂಪು ಕಲೆ ರಕ್ತವೇ?

ಸಂಶೋಧನಾ ವಿದ್ಯಾರ್ಥಿನಿ, ಬದಿಯಡ್ಕ:
ಕಾಸರಗೋಡು ಜಿಲ್ಲೆಯ ಒಂದು ಪ್ರಯೋಗಾಲಯದಲ್ಲಿ ಎರಡು ತಿಂಗಳಿಂದ ಬಿಳಿ ಇಲಿಗಳನ್ನು ನೋಡಿಕೊಳ್ಳುತ್ತಿದ್ದೇನೆ. ಈ ವಾರ ಒಂದು ಇಲಿಯ ಕಣ್ಣು, ಮೂಗುಗಳ ಸುತ್ತ ಕೆಂಪು ಕಲೆ ಕಾಣಿಸಿದೆ, ರೋಮವೂ ನಿಮಿರಿ ನಿಂತಿದೆ. ಆದರೆ ಪಂಜರ ತೆರೆದೊಡನೆ ಚುರುಕಾಗಿಯೇ ಓಡುತ್ತದೆ. ಇದನ್ನು ಕಾಯಿಲೆಯೆಂದು ತಿಳಿಯಬೇಕೇ?

ಪಶುವೈದ್ಯ, ಕುಂಬಳೆ:
ಅದು ಬಹುಪಾಲು ರಕ್ತವಲ್ಲ. ಇಲಿಯ ಕಣ್ಣುಗುಡ್ಡೆಯ ಹಿಂದಿರುವ ಹಾರ್ಡೇರಿಯನ್ ಗ್ರಂಥಿಯು ಪಾರ್ಫಿರಿನ್ ಎಂಬ ಕೆಂಪು ವರ್ಣದ್ರವ್ಯವನ್ನು ಸ್ರವಿಸುತ್ತದೆ. ಆರೋಗ್ಯವಾಗಿರುವ ಇಲಿ ಮುಂಗಾಲುಗಳಿಂದ ಮುಖ ಒರೆಸಿಕೊಳ್ಳುವಾಗ ಅದೂ ಹೋಗಿಬಿಡುತ್ತದೆ. ನೋವು, ಒತ್ತಡ ಅಥವಾ ಉಸಿರಾಟದ ಸೋಂಕು ಇದ್ದಾಗ ಸ್ರಾವ ಹೆಚ್ಚುತ್ತದೆ, ಮೈ ಶುಚಿಮಾಡಿಕೊಳ್ಳುವುದು ಕಡಿಮೆಯಾಗುತ್ತದೆ, ಕಲೆ ಉಳಿಯುತ್ತದೆ. ಸಂದೇಹವಿದ್ದರೆ ಹತ್ತಿಯಲ್ಲಿ ಒರೆಸಿ ಅತಿನೇರಳೆ ದೀಪದಡಿ ಹಿಡಿಯಿರಿ. ಪಾರ್ಫಿರಿನ್ ಆಗಿದ್ದರೆ ಕೆಂಪಗೆ ಹೊಳೆಯುತ್ತದೆ, ರಕ್ತ ಹಾಗೆ ಹೊಳೆಯುವುದಿಲ್ಲ. ಇದರಿಂದ ಇಲಿಗೆ ಏನೋ ಸರಿಯಿಲ್ಲವೆಂದು ತಿಳಿಯುತ್ತದೆಯೇ ಹೊರತು ಯಾವ ರೋಗವೆಂದು ತಿಳಿಯುವುದಿಲ್ಲ.

ಓಡುತ್ತದೆ ಎಂಬುದನ್ನು ನಂಬಿ ಸುಮ್ಮನಾಗಬೇಡಿ. ಬೇರೆ ಪ್ರಾಣಿಗಳಿಗೆ ಆಹಾರವಾಗುವ ಜೀವಿ ಭಯವಾದಾಗ ನೋವನ್ನು ಅಡಗಿಸುತ್ತದೆ. ಆದ್ದರಿಂದ ಪಂಜರವನ್ನು ಮುಟ್ಟುವ ಮೊದಲೇ ದೂರ ನಿಂತು ನೋಡಿ: ಬೆನ್ನು ಗೂನಾಗಿಸಿ ಮೂಲೆಯಲ್ಲಿ ಒಂಟಿಯಾಗಿ ಕುಳಿತಿದೆಯೇ, ಕಣ್ಣು ಅರೆಮುಚ್ಚಿದೆಯೇ, ಮೂಗು ಮತ್ತು ಕೆನ್ನೆಯ ಉಬ್ಬು ಚಪ್ಪಟೆಯಾಗಿದೆಯೇ, ಉಸಿರಿನೊಂದಿಗೆ ಪಕ್ಕೆಗಳು ಬಿರುಸಾಗಿ ಆಡುತ್ತಿವೆಯೇ? ಇಲಿಯ ಮುಖಭಾವದಿಂದ ನೋವನ್ನು ಅಳೆಯುವ ಮಾಪಕವೇ 2011ರಲ್ಲಿ ಪ್ರಕಟವಾಗಿದೆ.

ಪ್ರಾಣಿಗೃಹದ ಮೇಲ್ವಿಚಾರಕ, ಮಂಜೇಶ್ವರ:
ವೈದ್ಯರು ಹೇಳಿದ್ದು ಸರಿ. ಕಣ್ಣಿಗಿಂತ ತಕ್ಕಡಿಯನ್ನು ಹೆಚ್ಚು ನಂಬುವವನು ನಾನು. ಪ್ರತಿದಿನ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. ಬಾಚಿಹಲ್ಲುಗಳನ್ನೂ ಪರೀಕ್ಷಿಸಿ, ಏಕೆಂದರೆ ಅವು ಜೀವನವಿಡೀ ಬೆಳೆಯುತ್ತವೆ. ಮೇಲಿನ ಮತ್ತು ಕೆಳಗಿನ ಹಲ್ಲು ಒಂದಕ್ಕೊಂದು ಕೂಡದಿದ್ದರೆ ಇಲಿ ತಿನ್ನಲಾರದೆ ಸೊರಗುತ್ತದೆ. ನಮ್ಮ ಕಡೆಯ ಮಳೆಗಾಲದಲ್ಲಿ ಪಂಜರದ ಮರದಹೊಟ್ಟು ಬೇಗ ಒಣಗುವುದಿಲ್ಲ. ಮೂತ್ರದಿಂದೇಳುವ ಅಮೋನಿಯಾ ನಿಮ್ಮ ಮೂಗಿಗೆ ತಟ್ಟುವಷ್ಟಿದ್ದರೆ ಇಲಿಯ ಶ್ವಾಸನಾಳ ಅದಾಗಲೇ ಕೆರಳಿರುತ್ತದೆ.

ವಿದ್ಯಾರ್ಥಿನಿ:
ಇಬ್ಬರಿಗೂ ಕೃತಜ್ಞತೆಗಳು. ಕಳೆದ ವಾರ 240 ಗ್ರಾಂ ಇದ್ದದ್ದು ಇಂದು 221 ಗ್ರಾಂ ಆಗಿದೆ. ಹಲ್ಲು ಸರಿಯಾಗಿದೆ. ಕಿವಿಯ ಬಳಿ ಹಿಡಿದರೆ ಉಸಿರಿನಲ್ಲಿ ಸಣ್ಣ ಗೊರಗೊರ ಸದ್ದು ಕೇಳಿಸುತ್ತದೆ.

ಪಶುವೈದ್ಯ, ಕುಂಬಳೆ:
ಹಾಗಾದರೆ ಸುಮಾರು ಶೇ. 8ರಷ್ಟು ಇಳಿದಿದೆ. ಅನೇಕ ಪ್ರಯೋಗಗಳಲ್ಲಿ ಶೇ. 20ರ ಇಳಿಕೆಯನ್ನು ಪ್ರಾಣಿಯನ್ನು ಮುಂದುವರಿಸಬಾರದ ಮಿತಿಯೆಂದು ಇಟ್ಟುಕೊಳ್ಳುತ್ತಾರೆ, ಅಲ್ಲಿಯವರೆಗೆ ಕಾಯುವ ಅಗತ್ಯವಿಲ್ಲ. ಉಸಿರಾಟದ ಸೋಂಕು ಹರಡುವ ಸಾಧ್ಯತೆಯಿರುವುದರಿಂದ ಆ ಪಂಜರವನ್ನು ಇಂದೇ ಬೇರೆ ಕೋಣೆಗೆ ಸಾಗಿಸಿ, ನಿಮ್ಮ ಸಂಸ್ಥೆಯ ಪಶುವೈದ್ಯರಿಗೆ ಲಿಖಿತವಾಗಿ ತಿಳಿಸಿ. ಔಷಧವನ್ನು ಮಾತ್ರ ನೀವಾಗಿಯೇ ಕೊಡಬೇಡಿ. ಪ್ರಯೋಗದ ಫಲಿತಾಂಶವೂ ಕೆಡಬಹುದು.